ಅಠಾರಾ ಕಚೇರಿ ಕಟ್ಟಿದ ಐರ್ಲೆಂಡಿನವರು

ಪ್ರಶ್ನೆ: ಬೆಂಗಳೂರಿನ ಹೈಕೋರ್ಟ್ ಕಟ್ಟಡವನ್ನು ಕಟ್ಟಿಸಿದ್ದು ಐರ್ಲೆಂಡಿನವರಂತೆ, ನಿಜವೇ? ಹಾಗಾದರೆ ಅದು ಐರಿಶ್ ಶೈಲಿಯದೇ? ನಮ್ಮ ಜಿಲ್ಲೆಗೂ ಅವರಿಗೂ ಏನಾದರೂ ನಂಟಿದೆಯೇ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಮನುಷ್ಯ ಐರ್ಲೆಂಡಿನವರು ಹೌದು, ಕಟ್ಟಡ ಅಲ್ಲ. ರಿಚರ್ಡ್ ಸ್ಯಾಂಕಿ ಹುಟ್ಟಿದ್ದು 1829ರಲ್ಲಿ, ಅಲ್ಲಿನ ಟಿಪ್ಪೆರರಿ ಸೀಮೆಯಲ್ಲಿ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ ಅವರು ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ನಕ್ಷೆ ಬರೆದರು. ಅಠಾರಾ ಎಂದರೆ ಹದಿನೆಂಟು. ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ ಇಕ್ಕಟ್ಟಿನಲ್ಲಿದ್ದ ಹದಿನೆಂಟು ಇಲಾಖೆಗಳು 1868ರಲ್ಲಿ ಇಲ್ಲಿಗೆ ಬಂದವು. ಕಟ್ಟಡದ ಸಾಲುಗಂಬಗಳು ಗ್ರೀಕ್ ಮಾದರಿಯವು, ಆಗ ಯುರೋಪಿನಲ್ಲೆಲ್ಲ ಸರ್ಕಾರಿ ಕಟ್ಟಡಗಳಿಗೆ ಇದ್ದ ರೂಢಿ. ನಿಜವಾಗಿ ಕಲ್ಲು, ಗಾರೆ ಹೊಂದಿಸಿ ಎಬ್ಬಿಸಿದವರು ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಅವರ ಹೆಸರನ್ನು ನಾವು ಮರೆಯುವುದೇ ಹೆಚ್ಚು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಅಂದರೆ ಅದೇ ಕಟ್ಟಡದ ಮೆಟ್ಟಿಲು!

ಐರ್ಲೆಂಡಿನ ಕಟ್ಟಡಗಳ ಉಸ್ತುವಾರಿ ಸ್ಯಾಂಕಿಗೆ ಬಂದದ್ದು ಆಮೇಲೆ. 1884ರಿಂದ 1896ರವರೆಗೆ ಅವರು ಡಬ್ಲಿನ್‌ನಲ್ಲಿ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರು. ಪಾಳುಬಿದ್ದ ಹಳೆಯ ಇಗರ್ಜಿ, ಸ್ಮಾರಕಗಳನ್ನು ಕಾಯುವುದೂ ಆ ಮಂಡಳಿಯದೇ ಕೆಲಸ. 1890ರಲ್ಲಿ ಬಾಗಿಲು ತೆರೆದ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅವರ ಅವಧಿಯದು; ಅದರ ವಾಸ್ತುಶಿಲ್ಪಿಗಳು ಮಾತ್ರ ಥಾಮಸ್ ಡೀನ್ ಮತ್ತು ಅವರ ಮಗ.

ಇನ್ನು ನಿಮ್ಮ ಜಿಲ್ಲೆ. ಇಲ್ಲಿನ ನಂಟು ಕಟ್ಟಡದ್ದಲ್ಲ, ನೀರಿನದು. 1866ರಲ್ಲಿ ಸ್ಯಾಂಕಿ ಮೈಸೂರಿನ ಕೆರೆಗಳನ್ನು ಲೆಕ್ಕ ಹಾಕಿದರು. ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ನೆಲ ಕೆರೆಗಳ ಸರಪಳಿಗೆ ಸೇರಿತ್ತು. ಅಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಜಾಣತನವೇ ಬೇಕು ಎಂಬ ಅರ್ಥದಲ್ಲಿ ಅವರು ಬರೆದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು: ಅರ್ಕಾವತಿಯ ದಡದ ನಿಮಗೆ, ದಕ್ಷಿಣ ಪಿನಾಕಿನಿಯ ಹೊಸಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೇಶದ ಎಂಜಿನಿಯರ್ ನಮ್ಮ ಮಣ್ಣುಒಡ್ಡರ ಕೆಲಸಕ್ಕೆ ತಲೆದೂಗಿದ್ದು ನನ್ನ ಲೆಕ್ಕದಲ್ಲಿ ಅಠಾರಾ ಕಚೇರಿಗಿಂತ ದೊಡ್ಡ ಸಂಗತಿ.

ದೇವನಹಳ್ಳಿ, ಅವತಿಯ ಹಳೆಯ ರೈಲು ನಿಲ್ದಾಣಗಳನ್ನೂ ಅವರ ಲೆಕ್ಕಕ್ಕೆ ಸೇರಿಸಬೇಡಿ. ಚಿಕ್ಕಬಳ್ಳಾಪುರದ ಆ ಮಾರ್ಗ ಬಂದದ್ದು 1915ರಲ್ಲಿ. ಸ್ಯಾಂಕಿ 1908ರಲ್ಲೇ ತೀರಿಕೊಂಡಿದ್ದರು.