ಎರಡು ಕಿಸೆ ಇಟ್ಕೋ, ತಮ್ಮಾ

ರೂಪನಗುಡಿಯ ಮನೆ ಪಡಸಾಲೆಯಲ್ಲೇ ನಾಲ್ಕು ಮಷಿನ್ ಹಾಕಿ, ಬಳ್ಳಾರಿ ಸಾವುಕಾರರಿಗೆ ಜೀನ್ಸ್ ಹೊಲಿದುಕೊಡೋಕೆ ಶುರು ಮಾಡಿದ್ದೀಯಂತೆ. ಒಳ್ಳೇದಾಯ್ತು. ಕೌಲ್ ಬಜಾರಿನಲ್ಲಿ ಎಷ್ಟೋ ಮಂದಿ ಹಿಂಗೇ ಮನೆಯಲ್ಲಿ ಹೊಲಿದೇ ಮೇಲೆ ಬಂದವರು. ಹೊಲಿಗೆ ಬಗ್ಗೆ ನಿನಗೆ ನಾನು ಹೇಳೋದೇನಿಲ್ಲ. ಲೆಕ್ಕದ ಬಗ್ಗೆ ನಾಲ್ಕು ಮಾತು ಕೇಳು.

ತೆರಿಗೆ ಬೀಳೋದು ಕೈಗೆ ಬಂದ ರೊಕ್ಕಕ್ಕಲ್ಲ, ಲಾಭಕ್ಕೆ. ಕೆಲಸಕ್ಕೆಂದೇ ಮಾಡಿದ ಖರ್ಚು ಕಳೆದು ಉಳಿದದ್ದು ಲಾಭ. ದಾರ, ಸೂಜಿ, ಪೀಸ್ ಲೆಕ್ಕದ ಕೂಲಿ, ಮಷಿನ್ ರಿಪೇರಿ, ಮಾಲು ಮುಟ್ಟಿಸಿದ ಟೆಂಪೊ ಬಾಡಿಗೆ, ಮಷಿನ್ ಸಾಲದ ಬಡ್ಡಿ ಎಲ್ಲ ಕಳೆಯಬಹುದು. ಸಾಲದ ಅಸಲು ಕಳೆಯೋ ಹಾಗಿಲ್ಲ. ಕಾನೂನು ಮುರಿದು ಕಟ್ಟಿದ ದಂಡ, ಮಗಳ ಸ್ಕೂಲ್ ಫೀಸು, ನೀನು ಮನೆಖರ್ಚಿಗೆ ತೆಗೆದುಕೊಂಡದ್ದು ಇವೂ ಲೆಕ್ಕಕ್ಕೆ ಬರೋದಿಲ್ಲ.

ಮನೆಗೂ ಮಷಿನ್‌ಗೂ ಒಂದೇ ಮೀಟರ್ ಇದ್ದರೆ ಜೆಸ್ಕಾಂ ಕರೆಂಟ್ ಬಿಲ್ಲನ್ನು ಪೂರ್ತಿ ಬರೀಬೇಡ. ಕೆಲಸಕ್ಕೆ ಎಷ್ಟು ಪಾಲು ಅಂತ ನ್ಯಾಯವಾಗಿ ಹಂಚಿ, ಹಂಚಿದ್ದು ಹೆಂಗೆ ಅಂತಲೂ ಬರೆದಿಡು. ಹೊಲದ ವಿಷಯವೂ ಅಷ್ಟೇ. ಮೆಣಸಿನಕಾಯಿ, ಹತ್ತಿ ಬೆಳೆದು ಬಂದ ಆದಾಯಕ್ಕೆ ತೆರಿಗೆ ಇಲ್ಲ ಅಂತ, ಟ್ರ್ಯಾಕ್ಟರ್ ಡೀಸೆಲ್ಲನ್ನು ಹೊಲಿಗೆ ಖರ್ಚಿಗೆ ತುರುಕಬೇಡ. ಮನೆಗೊಂದು, ಕೆಲಸಕ್ಕೊಂದು ಬ್ಯಾಂಕ್ ಖಾತೆ ಮಾಡಿದರೆ ಅರ್ಧ ತಲೆನೋವು ಅಲ್ಲಿಗೇ ಮುಗೀತು.

ಮಷಿನ್ ಕೊಂಡ ರೊಕ್ಕ ಒಂದೇ ವರ್ಷಕ್ಕೆ ಪೂರ್ತಿ ಕಳೆಯೋಕೆ ಬರೋದಿಲ್ಲ. ವರ್ಷಕ್ಕೆ ಶೇ 15ರಂತೆ ಸವಕಳಿ ಅಂತ ಕಳೀಬೇಕು. 40,000 ರೂಪಾಯಿ ಓವರ್‌ಲಾಕ್ ಮಷಿನ್‌ಗೆ ಮೊದಲ ವರ್ಷ 6,000. ಮರುವರ್ಷ ಉಳಿದ 34,000ದ ಮೇಲೆ 5,100. ಕೊಂಡ ವರ್ಷ ಮಷಿನ್ ಓಡಿದ್ದು 180 ದಿನಕ್ಕಿಂತ ಕಡಿಮೆಯಾದರೆ ಮೊದಲ ಸಲ ಅರ್ಧವೇ ಸಿಗೋದು. ಇನ್ನೊಂದು, ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚು ಒಪ್ಪೋದಿಲ್ಲ. ದಾರದಂಗಡಿಗೆ ಫೋನಿನಲ್ಲೇ ಹಾಕು, ಬಿಲ್ಲು ಕೇಳಿ ತಗೋ.

ಇಷ್ಟೆಲ್ಲ ಬೇಡ ಅನ್ನೋರಿಗೆ, ವಹಿವಾಟು 2 ಕೋಟಿಯೊಳಗಿದ್ದರೆ, ಆಡಿಟರುಗಳು 44ಎಡಿ ಅನ್ನುವ ಅಂದಾಜು ಲಾಭದ ದಾರಿ ಇದೆ. ಬ್ಯಾಂಕಿಗೆ ಬಂದ ರೊಕ್ಕದಲ್ಲಿ ಕನಿಷ್ಠ ಶೇ 6, ನಗದಾಗಿ ಬಂದದ್ದರಲ್ಲಿ ಶೇ 8 ಲಾಭ ಅಂತ ತೋರಿಸಿದರೆ ಸಾಕು. ನಿಜಕ್ಕೂ ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ಈ ದಾರಿ ಹಿಡಿದರೆ ಖರ್ಚು, ಸವಕಳಿ ಬೇರೆಯಾಗಿ ಕೇಳೋ ಹಾಗಿಲ್ಲ. ಒಮ್ಮೆ ಹಿಡಿದು ಐದು ವರ್ಷದೊಳಗೆ ಬಿಟ್ಟರೆ, ಮುಂದಿನ ಐದು ವರ್ಷ ಆ ಬಾಗಿಲು ಮುಚ್ಚಿತು ಅಂತಲೇ ತಿಳ್ಕೋ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆ ಹೋಗಿ 2025ರದ್ದು ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ಹೊಸ ನಂಬರು ಆಡಿಟರಿಗೆ ಗೊತ್ತಿರುತ್ತೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಕೆಲಸ ಕೊಡೋ ದೊಡ್ಡ ಪಾರ್ಟಿ ನಿನ್ನ ಬಿಲ್ಲಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಸುಮ್ಮನೆ ಬಿಟ್ಟುಬಿಡಬೇಡ. ರಿಟರ್ನ್ ಹಾಕಿದರೆ, ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರುತ್ತೆ.

ಮಾರ್ಚ್ ತಿಂಗಳಲ್ಲಿ ಯಾರಾದರೂ ‘ತೆರಿಗೆ ಉಳಿಸೋಕೆ ಇನ್ನೊಂದು ಮಷಿನ್ ತಗೋ’ ಅಂದರೆ ಕಿವಿಗೆ ಹಾಕ್ಕೋಬೇಡ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ, ಇಂಥ ದುಡಿಮೆಯ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್ ಸಿಕ್ಕು ತೆರಿಗೆ ಸೊನ್ನೆ. ಬೀಳದ ತೆರಿಗೆಯನ್ನು ಉಳಿಸೋಕೆ ಸಾಲ ಮಾಡೋದು ಯಾವ ಜಾಣತನ?

ತೆರಿಗೆಯೇ ಇಲ್ಲ ಅಂದಮೇಲೆ ಲೆಕ್ಕ ಯಾಕೆ ಅಂತೀಯ. ಬ್ಯಾಂಕಿನವರು ಸಾಲ ಕೊಡೋ ಮುಂಚೆ ನೋಡೋದು ರಿಟರ್ನನ್ನೇ. ಅದಕ್ಕಿಂತ ಹೆಚ್ಚಾಗಿ, ಒಂದು ಪ್ಯಾಂಟ್ ಹೊಲಿಯೋಕೆ ದಾರ, ಕರೆಂಟು, ಕೂಲಿ ಸೇರಿ ನಿನಗೆ ಎಷ್ಟು ಬೀಳುತ್ತೆ ಅಂತ ನಿನ್ನ ಲೆಕ್ಕದ ಪುಸ್ತಕ ಒಂದೇ ಹೇಳೋದು. ಸಾವುಕಾರ ಪೀಸಿಗೆ ಎರಡು ರೂಪಾಯಿ ಇಳಿಸು ಅಂದ ದಿನ, ಒಪ್ಪಬೇಕೋ ಎದ್ದು ಬರಬೇಕೋ ಅಂತ ಅವನ ಮುಖ ನೋಡಿ ಅಲ್ಲ, ನಿನ್ನ ಪುಸ್ತಕ ನೋಡಿ ತೀರ್ಮಾನ ಮಾಡು.