ಗರಿ ಉಬ್ಬಿಸಿ ಕೂತ ಹಕ್ಕಿ

ಮದಲೂರು ಸುತ್ತಮುತ್ತ ಝೀಬ್ರಾ ಫಿಂಚ್ ಸಾಕಿರುವವರಿಗೆ ಒಂದು ಮಾತು. ಈ ಹಕ್ಕಿಯ ತೂಕ 15 ಗ್ರಾಂ ಆಸುಪಾಸು. ಒಂದು ದಿನ ಮೇವು ಬಿಟ್ಟರೂ ಜೀವಕ್ಕೆ ಕುತ್ತು. ಕಾಯಿಲೆಯನ್ನು ಅದು ಕೊನೆಯವರೆಗೂ ಮುಚ್ಚಿಡುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಐದು ನಿಮಿಷ ಪಂಜರದಿಂದ ದೂರ ನಿಂತು ನೋಡಿ. ಉಳಿದವು ಹಾರಾಡುವಾಗ ಒಂದು ಮಾತ್ರ ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ ಕೆಳಗೆ ಕೂತಿದೆಯೇ? ಉಸಿರಿಗೊಮ್ಮೆ ಬಾಲ ಕುಣಿಯುತ್ತಿದೆಯೇ? ಹಿಕ್ಕೆ ನೀರಾಗಿ ಹಿಂಭಾಗಕ್ಕೆ ಅಂಟಿದೆಯೇ? ಇನ್ನು ಕಾಯಬೇಡಿ.

ಬಟ್ಟಲು ತುಂಬಿದೆ ಎಂದು ನಂಬಲೂಬೇಡಿ, ಒಮ್ಮೆ ಊದಿ ನೋಡಿ. ಎಷ್ಟೋ ಸಲ ಮೇಲಿರುವುದೆಲ್ಲ ನವಣೆಯ ಬರೀ ಹೊಟ್ಟು!

ಸೊರಗಿದ ಹಕ್ಕಿಯನ್ನು ಸಣ್ಣ ಪಂಜರಕ್ಕೆ ಬದಲಿಸಿ, ಮುಕ್ಕಾಲು ಭಾಗ ಬಟ್ಟೆ ಹೊದಿಸಿ. ಒಂದು ಬದಿಗೆ, ಹೊರಗಿನಿಂದ, ಬಲ್ಬಿನ ಶಾಖ ಕೊಡಿ; 30 ಡಿಗ್ರಿ ಸಾಕು. ಸೆಕೆ ಎನಿಸಿದರೆ ಸರಿದುಕೊಳ್ಳಲು ಇನ್ನೊಂದು ಬದಿ ತಂಪಾಗಿರಲಿ. ಕಾಳು, ನೀರು ಕೈಗೆಟುಕುವಷ್ಟಲ್ಲ, ಕೊಕ್ಕಿಗೆಟುಕುವಷ್ಟು ಹತ್ತಿರವಿಡಿ. ಅಂಗಡಿಯ ಆ್ಯಂಟಿಬಯಾಟಿಕ್ ಪುಡಿಯನ್ನು ಅಂದಾಜಿನಲ್ಲಿ ಕಲಸಬೇಡಿ. ಮನೆಯ ಕೋಳಿಗಳಿಗೆ ಕೊಕ್ಕರೆ ರೋಗ ಬಂದಿದ್ದರೆ ಕೈತೊಳೆಯದೆ ಪಂಜರ ಮುಟ್ಟಬೇಡಿ. ಹಿಕ್ಕೆ ಬಿದ್ದ ಕಾಗದವನ್ನೂ ಜೊತೆಗೆ ಹಿಡಿದು, ಅಂದೇ ಶಿರಾದ ಪಶುವೈದ್ಯರ ಬಳಿ ಹೋಗಿ.