ಪರದೇಶದಲ್ಲಿ ಲೈವ್ ಮಾಡುವ ಮುಂಚೆ



ಕೊಲ್ಲಿ ದೇಶಕ್ಕೆ ದುಡಿಯಲು ಹೋದ ಮಗನೋ ಗಂಡನೋ ಫೇಸ್‌ಬುಕ್‌ನಲ್ಲಿ ಲೈವ್ ಬಂದರೆ ಮನೆಮಂದಿಯೆಲ್ಲಾ ಕೂತು ನೋಡ್ತೀವಿ. ಆದರೆ ಅವರು ನಿಂತಿರುವ ನೆಲದ ಕಾನೂನೇ ಬೇರೆ. ಯು.ಎ.ಇ.ಯ 2021ರ ಸೈಬರ್ ಕಾನೂನಿನಂತೆ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ವಿಡಿಯೋ ತೆಗೆದು ಹರಡಿ ಅವರ ಖಾಸಗಿತನಕ್ಕೆ ಭಂಗ ತಂದರೆ ಕನಿಷ್ಠ 6 ತಿಂಗಳು ಜೈಲು, ಇಲ್ಲವೇ ಒಂದೂವರೆಯಿಂದ 5 ಲಕ್ಷ ದಿರ್ಹಾಂ ದಂಡ, ಅಥವಾ ಎರಡೂ. ತಮಾಷೆಗೆ ಮಾಡಿದೆ ಅಂದರೆ ಬಿಡೋದಿಲ್ಲ.

ಜನರನ್ನು ಕೆಣಕಿ ಲೈವ್ ಮಾಡುವುದನ್ನೇ ಕಸುಬು ಮಾಡಿಕೊಂಡವನು ಅಮೆರಿಕದ ಜಾನಿ ಸೊಮಾಲಿ. ಒಸಾಕಾದ ಹೋಟೆಲೊಂದರಲ್ಲಿ ಗದ್ದಲ ಎಬ್ಬಿಸಿ ವ್ಯಾಪಾರ ಕೆಡಿಸಿದ್ದಕ್ಕೆ ಜಪಾನಿನಲ್ಲಿ 2024ರ ಜನವರಿಯಲ್ಲಿ 2 ಲಕ್ಷ ಯೆನ್ ದಂಡ ಬಿತ್ತು. ಬುದ್ಧಿ ಬರಲಿಲ್ಲ. ಅದೇ ವರ್ಷ ದಕ್ಷಿಣ ಕೊರಿಯಾಕ್ಕೆ ಹೋಗಿ, ಯುದ್ಧಕಾಲದಲ್ಲಿ ಜಪಾನಿ ಸೈನಿಕರ ದೌರ್ಜನ್ಯಕ್ಕೆ ಬಲಿಯಾದ ಹೆಣ್ಣುಮಕ್ಕಳ ಸ್ಮಾರಕ ಪ್ರತಿಮೆಗೆ ಮುತ್ತಿಟ್ಟು ಕುಣಿದ. ಎಂಥ ನೋವಿನ ಗುರುತದು! ಅಲ್ಲಿ ಬೇರೆ ಬೇರೆ ಕೇಸು ಹಾಕಿ, ದೇಶ ಬಿಟ್ಟು ಹೋಗದಂತೆ ತಡೆದರು.

ಏನೂ ಮಾಡದವರೂ ಸಿಕ್ಕಿಬೀಳುತ್ತಾರೆ. ಕುಂದಾಪುರ ಕಡೆಯವರೊಬ್ಬರನ್ನು 2019ರ ಡಿಸೆಂಬರ್‌ನಲ್ಲಿ ಸೌದಿಯಲ್ಲಿ ಬಂಧಿಸಿದರು. ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಅಲ್ಲಿನ ಯುವರಾಜನನ್ನೂ ಮೆಕ್ಕಾವನ್ನೂ ಹಳಿದಿತ್ತು. ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ಅದು ಬೇರೆಯವರು ತೆರೆದ ನಕಲಿ ಖಾತೆ ಅಂತ ಪತ್ತೆಯಾಯಿತು. ಆದರೂ ಅವರು ಊರು ಮುಟ್ಟಿದ್ದು 2021ರ ಆಗಸ್ಟ್‌ನಲ್ಲಿ.

ಭಾರತದ ರಾಯಭಾರ ಕಚೇರಿಯವರು ಜೈಲಿನಲ್ಲಿ ಕಂಡು ಮಾತಾಡಬಹುದು, ವಕೀಲರ ಮಾಹಿತಿ ಕೊಡಬಹುದು. ಕೇಸು ರದ್ದು ಮಾಡಿಸಲಾರರು. ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಇಲ್ಲಿಂದಲೇ ದೂರು ದಾಖಲಿಸಬಹುದು. ಹೋಗುವವರ ಪಾಸ್‌ಪೋರ್ಟ್, ವೀಸಾದ ಜೆರಾಕ್ಸ್, ಕಂಪನಿ ವಿಳಾಸ ಇವಿಷ್ಟನ್ನು ಇವತ್ತೇ ತೆಗೆದು ಟ್ರಂಕಿನಲ್ಲಿಡಿ.